ಗೌರಮ್ಮನ ಬಾವಿಯ ಸೀಸ

ಎಪ್ಪತ್ತರ ದಶಕದ ಕೊನೆಯಲ್ಲಿ ಗಂಗಾನಗರದ ಅಂಚಿಗೆ, ಹೆಬ್ಬಾಳದ ರಸ್ತೆಗೆ ಬೆನ್ನು ಹಾಕಿಕೊಂಡು ಒಂದು ಕಚೇರಿ ಇತ್ತು. ಅದರ ಹೆಸರು ತ್ಯಾಜ್ಯ ಪರಿಣಾಮ ಸಂಶೋಧನಾಲಯ. ಮನುಷ್ಯ ಬಳಸಿ ಬಿಸಾಡಿದ್ದು ಏನೇ ಇರಲಿ, ಅದು ಮಣ್ಣಿಗೆ, ನೀರಿಗೆ, ಗಾಳಿಗೆ ಏನು ಮಾಡುತ್ತದೆ ಎಂದು ಕಂಡುಹಿಡಿಯುವುದು ಅದರ ಕೆಲಸ. ಕಂಡುಹಿಡಿದ ಮೇಲೆ ಏನು ಮಾಡಬೇಕು ಎನ್ನುವುದು ಯಾರ ಕೆಲಸವೋ ಯಾರಿಗೂ ತಿಳಿದಿರಲಿಲ್ಲ, ತಿಳಿದುಕೊಳ್ಳುವ ಅವಸರವೂ ಇರಲಿಲ್ಲ. ಕಟ್ಟಡ ಮೊದಲು ದ್ರಾಕ್ಷಿ ವ್ಯಾಪಾರಿಯೊಬ್ಬನ ಗೋದಾಮಾಗಿತ್ತು. ಮಳೆಗಾಲದಲ್ಲಿ ಗೋಡೆಗಳಿಂದ ಈಗಲೂ ಹುಳಿ ವಾಸನೆ ಬರುತ್ತಿತ್ತು. ನಿರ್ದೇಶಕ ಡಾ. ಶೇಖರಪ್ಪನವರು ಅದನ್ನೇ ಮೂಸಿ, ಬಂದ ಅತಿಥಿಗಳಿಗೆ "ರಾಸಾಯನಿಕಗಳ ವಾಸನೆ, ನಮಗೆ ಅಭ್ಯಾಸ ಆಗಿಬಿಟ್ಟಿದೆ" ಎನ್ನುತ್ತಿದ್ದರು.

ಕಸದ ಬಗ್ಗೆ ಇಷ್ಟು ಕಾಳಜಿ ಇದ್ದ ಕಚೇರಿಯಲ್ಲಿ ಕಸದ ಬುಟ್ಟಿ ಇರಲಿಲ್ಲ. ಬೇಕು ಎಂದು ಬರೆದು ಕೇಳಿದಾಗ ಮೇಲಿನವರು, ಸಂಶೋಧನಾಲಯದಲ್ಲಿ ಕಸ ಉಂಟಾಗಲು ಕಾರಣವೇನು, ವಿವರಣೆ ಕೊಡಿ ಎಂದಿದ್ದರು. ಹಾಗಾಗಿ ಟೀಯ ಚರಟ, ಬಾಳೆಹಣ್ಣಿನ ಸಿಪ್ಪೆ, ಹಳೆಯ ಕಾಗದ ಎಲ್ಲವೂ ಕಿಟಕಿಯಿಂದ ಆಚೆಗೆ. ಆದರೆ ಕಾರ್ಖಾನೆಗಳ ಮೋರಿಯಿಂದ ಪರೀಕ್ಷೆಗೆಂದು ತುಂಬಿ ತಂದ ಸೀಸೆಗಳನ್ನು ಹಾಗೆ ಎಸೆಯುವಂತಿರಲಿಲ್ಲ. ಅವುಗಳಲ್ಲಿ ಪಾದರಸ ಇತ್ತು, ಆಸಿಡ್ ಇತ್ತು, ಹೆಂಡದ ಭಟ್ಟಿಯ ಕರಿ ಕೊಳಚೆ ಇತ್ತು, ಹೆಸರಿಡಲಾಗದ ಇನ್ನೇನೇನೋ ಇತ್ತು. ಪರೀಕ್ಷೆ ಮುಗಿದ ಸೀಸೆಗಳನ್ನೆಲ್ಲ ಹಿಂದಿನ ಕೋಣೆಗೆ ಸೇರಿಸಿ ಬೀಗ ಹಾಕುತ್ತಿದ್ದರು. ಅವುಗಳನ್ನು ಏನು ಮಾಡಬೇಕು ಎಂಬ ವಿಷಯ ಪರಿಶೀಲನೆಯಲ್ಲಿತ್ತು. ನಮ್ಮಲ್ಲಿ ಪರಿಶೀಲನೆಗೆ ಹೋದದ್ದು ಕಾಶಿಗೆ ಹೋದ ಮುದುಕರಂತೆ, ತಿರುಗಿ ಬಂದರೆ ಬಂತು.

ಆ ಸೀಸೆಗಳಿಗೆ ಚೀಟಿ ಬರೆದು ಅಂಟಿಸುತ್ತಿದ್ದವನು ಗುರುಪಾದಪ್ಪ. ಬಾಗಲಕೋಟೆ ಕಡೆಯ ಹುಡುಗ, ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಇಲ್ಲಿ ಸಂಶೋಧನಾ ಸಹಾಯಕ ಎಂಬ ಹೆಸರಿನ ಹಂಗಾಮಿ ಕೆಲಸಕ್ಕೆ ಸೇರಿದ್ದ. ಹಣೆಯ ಮೇಲೆ ದಿನವೂ ಮೂರು ಬೆರಳು ವಿಭೂತಿ, ಬಾಯಲ್ಲಿ ಮಾತು ಕಡಿಮೆ, ಮನಸ್ಸಿನಲ್ಲಿ ಸದಾ ಒಂದೇ ಜಪ: ಕೆಲಸ ಖಾಯಂ ಆಗಬೇಕು. ಖಾಯಂ ಮಾಡುವ ಸಹಿ ಶೇಖರಪ್ಪನವರ ಪೆನ್ನಿನಲ್ಲಿತ್ತು. ಆದ್ದರಿಂದ ಗುರುಪಾದಪ್ಪ ಆ ಪೆನ್ನನ್ನು ಕಂಡರೂ ಎದ್ದು ನಿಲ್ಲುತ್ತಿದ್ದ.

ಕಚೇರಿಯ ಹಿಂದಿನ ಬೇಲಿ ದಾಟಿದರೆ ಗೌರಮ್ಮನ ಸೊಪ್ಪಿನ ತೋಟ. ತೋಟದ ಮೂಲೆಯಲ್ಲಿ ಹೆಂಚಿನ ಎರಡು ಕೋಣೆ. ಅವನ್ನು ಗುರುಪಾದಪ್ಪನಿಗೂ ಅವನ ಹೆಂಡತಿ ಶರಣವ್ವನಿಗೂ ಬಾಡಿಗೆಗೆ ಕೊಟ್ಟಿದ್ದಳು. ತೋಟದ ನಡುವೆ ಒಂದು ಬಾವಿ. ಗೌರಮ್ಮನ ಗಂಡ ಮುನಿಗಂಗಪ್ಪ ವಯಸ್ಸಿನಲ್ಲಿದ್ದಾಗ ತಾನೇ ಕಲ್ಲು ಒಡೆದು ತೋಡಿದ ಬಾವಿ ಅದು. ಅವನು ಹೊಟ್ಟೆನೋವಿನಲ್ಲಿ ನರಳಿ ಹೋಗಿ ಎರಡು ವರ್ಷವಾಗಿತ್ತು. ಸಾಯುವ ತನಕವೂ ಬೇರೆ ನೀರು ಬಾಯಿಗೆ ಹಾಕಲಿಲ್ಲ, ಗೌರಮ್ಮನೇ ಸೇದಿ ತಂದು ಚಮಚದಲ್ಲಿ ಬಿಡುತ್ತಿದ್ದಳು. ಆ ನೀರು ಕುಡಿದ ದಿನವೇ ಶರಣವ್ವ, "ಈ ಬೆಂಗಳೂರಾಗ ಇದೊಂದ ನಂಗ ಊರಿನ್ಹಂಗ ಐತಿ ನೋಡ್ರಿ" ಎಂದಿದ್ದಳು. ಗೌರಮ್ಮ ಅದನ್ನು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಆ ವರ್ಷ ಸಂಶೋಧನಾಲಯ ಒಂದು ದೊಡ್ಡ ಯೋಜನೆ ಹಿಡಿದಿತ್ತು. ಯಶವಂತಪುರದಿಂದ ಹೆಬ್ಬಾಳದವರೆಗಿನ ಬಾವಿಗಳ ನೀರಿಗೆ ಕಾರ್ಖಾನೆಯ ಹೊಲಸು ಎಷ್ಟು ಇಳಿದಿದೆ ಎಂದು ಅಳೆಯುವುದು. ಕೆಟ್ಟದ್ದನ್ನು ಅಳೆಯಲು ಪಕ್ಕದಲ್ಲಿ ಒಂದು ಒಳ್ಳೆಯದು ಬೇಕಲ್ಲ? ಹೋಲಿಸಿ ನೋಡಲು ಒಂದು ಶುದ್ಧವಾದ ಬಾವಿಯ ನೀರು ಬೇಕು, ಯಾವುದು ತರೋಣ ಎಂದು ಶೇಖರಪ್ಪನವರು ಕೇಳಿದಾಗ, ಸದಾ ಸುಮ್ಮನಿರುವ ಗುರುಪಾದಪ್ಪ ಅವತ್ತು ಬಾಯಿ ಬಿಟ್ಟ. "ಗೌರಮ್ಮನ ಬಾವಿದ ತರ್ತೀನ್ರಿ ಸರ್. ಅದರಷ್ಟು ಚೊಲೋ ನೀರು ಈ ಕಡಿ ಎಲ್ಲೂ ಇಲ್ರಿ." ತಾನೇ ಹೋಗಿ ಸೇದಿ, ದೊಡ್ಡ ಗಾಜಿನ ಸೀಸೆಗೆ ತುಂಬಿ ತಂದಿಟ್ಟ. ಗೌರಮ್ಮನ ಕೇಡುಗಾಲ ಶುರುವಾದದ್ದು ಆ ಹೊಗಳಿಕೆಯಿಂದ.

ಅಷ್ಟರಲ್ಲಿ ಆಯುಧಪೂಜೆ ಬಂತು.

ಬೆಂಗಳೂರಿನ ಕಚೇರಿಗಳಲ್ಲಿ ಆಯುಧಪೂಜೆಯಷ್ಟು ಶ್ರದ್ಧೆಯಿಂದ ನಡೆಯುವ ಕೆಲಸ ವರ್ಷಕ್ಕೆ ಇನ್ನೊಂದಿಲ್ಲ. ಜೀಪಿನ ಚಾಲಕ ಅಕ್ಬರ್ ಪಾಷಾನಿಗೆ ಆ ಹಬ್ಬ ಎಂದರೆ ಪ್ರಾಣ. ಬೆಳಗಾಗುವುದರೊಳಗೆ ಯಶವಂತಪುರದ ಮಾರ್ಕೆಟ್ಟಿಗೆ ಹೋಗಿ ಬಾಳೆಕಂದು, ಬೂದುಗುಂಬಳ, ಹೂವು, ಕಾಗದದ ಪೊಟ್ಟಣದಲ್ಲಿ ಕಣ್ಣು ಕುಕ್ಕುವಂಥ ಕೆಂಪು ಕುಂಕುಮ ಎಲ್ಲ ತಂದ. ಬಂದವನೇ ಜೀಪು ತೊಳೆಯಲು ನಿಂತ. ಎಂಥಾ ತೊಳೆಯುವುದೆಂದರೆ, ಛಾವಣಿಯ ಮೇಲಿನ ತೊಟ್ಟಿ ಬರಿದಾಗುವ ತನಕ ತೊಳೆದ.

ಪುರೋಹಿತರು ಬರಲಿಲ್ಲ. ಅವರಿಗೆ ಅವತ್ತು ಕೈತುಂಬ ಗ್ಯಾರೇಜು. ಶೇಖರಪ್ಪನವರು ಸುತ್ತ ನೋಡಿ, ಗುರುಪಾದಪ್ಪನ ಹಣೆಯ ಮೇಲೆ ಕಣ್ಣು ನಿಲ್ಲಿಸಿದರು. "ವಿಭೂತಿ ಹಚ್ತೀಯಲ್ಲಯ್ಯ, ನೀನೇ ಮಾಡಿಬಿಡು. ಅಮೇರಿಕಾದಿಂದ ಬಂದಿರೋ ಮೆಷೀನು, ಪೂಜೆ ಇಲ್ಲದೆ ಸ್ವಿಚ್ ಹಾಕೋಕೆ ಆಗುತ್ತಾ?"

ಗುರುಪಾದಪ್ಪ ಕಲಶಕ್ಕೆ ತಂಬಿಗೆ ಹಿಡಿದು ನಲ್ಲಿ ತಿರುಗಿಸಿದ. ನಲ್ಲಿ ಕೆಮ್ಮಿ ಸುಮ್ಮನಾಯಿತು. ಕಚೇರಿಯಲ್ಲಿ ಇದ್ದ ಬೇರೆ ನೀರೆಲ್ಲ ಕಾರ್ಖಾನೆ ಮೋರಿಯದ್ದು. ದೇವಿಗೆ ಅದನ್ನು ಇಡಲಾದೀತೆ? ಶುದ್ಧವಾದದ್ದು ಒಂದೇ ಒಂದು ಸೀಸೆ, ಗೌರಮ್ಮನ ಬಾವಿಯದ್ದು. ರಾಹುಕಾಲ ಹತ್ತಿರ ಬಂದಿತ್ತು, ಪೂಜೆ ಮುಗಿದ ಮೇಲೆ ಹೊಸದಾಗಿ ಸೇದಿ ತಂದರಾಯಿತು ಎಂದುಕೊಂಡು, ಅವನು ಅದನ್ನೇ ಕಲಶಕ್ಕೆ ಬಗ್ಗಿಸಿದ. ಅರಿಶಿನ ಹಾಕಿದ, ಅಕ್ಷತೆ ಹಾಕಿದ, ಚಿಟಿಕೆ ಕುಂಕುಮ ಹಾಕಿದ. ಶೇಖರಪ್ಪನವರು "ಏನಯ್ಯ ಇಷ್ಟು ಜಿಪುಣತನ" ಎಂದು ತಾವೇ ಒಂದು ಹಿಡಿ ಸುರಿದರು. ಮಂಗಳಾರತಿ ಆಯಿತು. ಯಂತ್ರಗಳ ಮೇಲೆಲ್ಲ ತೀರ್ಥ ಚಿಮುಕಿಸಿದರು. ಬೂದುಗುಂಬಳ ಒಡೆದರು. ಪುರಿ, ಸಿಹಿ ಹಂಚಿದರು.

ಉಳಿದದ್ದು ಕಲಶದ ತೀರ್ಥ. ಅದನ್ನು ಬಚ್ಚಲಿಗೆ ಚೆಲ್ಲಬಾರದು, ತುಳಿಯುವ ಜಾಗಕ್ಕೂ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು ಎಂದು ಗುರುಪಾದಪ್ಪನ ಮನೆಯಲ್ಲಿ ಕಲಿಸಿದ್ದರು. ಕಚೇರಿಯ ಅಂಗಳದಲ್ಲಿ ಕಾಂಗ್ರೆಸ್ ಗಿಡ ಬಿಟ್ಟರೆ ಮತ್ತೊಂದು ಬೆಳೆದಿರಲಿಲ್ಲ. ಊರಿನ ಬಸ್ಸಿಗೆ ಹೊತ್ತಾಗುತ್ತಿತ್ತು, ಶರಣವ್ವ ಗಂಟು ಕಟ್ಟಿಕೊಂಡು ಬೇಲಿಯ ಆಚೆಯಿಂದಲೇ ಕೂಗುತ್ತಿದ್ದಳು. ಗುರುಪಾದಪ್ಪ ಒಂದು ಕ್ಷಣ ಯೋಚಿಸಿ, ತೀರ್ಥವನ್ನು ಅದು ಬಂದ ಸೀಸೆಗೇ ವಾಪಸು ಸುರಿದು ಬಿರಡೆ ಹಾಕಿದ. ಬಂದ ಮೇಲೆ ಗೌರಮ್ಮನ ತುಳಸಿಗೆ ಹಾಕಿ, ಹೊಸ ನೀರು ತುಂಬಿಸಿದರಾಯಿತು. ಕೈಮುಗಿದು ಊರಿಗೆ ಹೊರಟ.

ಊರಲ್ಲಿ ಬನ್ನಿ ಕೊಟ್ಟು ಬನ್ನಿ ತಗೊಂಡು ಮರುದಿನವೇ ಹೊರಡಬೇಕಾದವನಿಗೆ ಜ್ವರ ಹಿಡಿಯಿತು. ಚಳಿಜ್ವರದಲ್ಲಿ ಒಬ್ಬ ಮನುಷ್ಯನಿಗೆ ಹೆಂಡತಿಯ ಹೆಸರೇ ನೆನಪಿರುವುದಿಲ್ಲ, ಸೀಸೆ ಎಲ್ಲಿ ನೆನಪಿರಬೇಕು? ಎದ್ದು ಓಡಾಡುವ ಹಾಗಾಗಿ ಗಂಗಾನಗರಕ್ಕೆ ಬಂದಿಳಿದಾಗ ದೀಪಾವಳಿಯ ಪಟಾಕಿ ಅಂಗಡಿಗಳು ಎದ್ದಿದ್ದವು.

ತೋಟದ ಬಾಗಿಲಲ್ಲೇ ಶರಣವ್ವ ನಿಂತುಬಿಟ್ಟಳು. ಬಾವಿಯ ಸುತ್ತ ಜಾಲಿಮುಳ್ಳು ಬಿಗಿದಿತ್ತು. ಮೇಲೆ ತಲೆಬುರುಡೆಯ ಚಿತ್ರ ಬರೆದ ಹಲಗೆ. 'ವಿಷಪೂರಿತ ನೀರು. ಮುಟ್ಟಬಾರದು. ತ್ಯಾಜ್ಯ ಪರಿಣಾಮ ಸಂಶೋಧನಾಲಯ.' ದಂಟು, ಕೊತ್ತಂಬರಿ, ಸಬ್ಬಸಿಗೆ ಮಡಿಗಳಲ್ಲೇ ಒಣಗಿ ಮಲಗಿದ್ದವು. ಗೌರಮ್ಮ ಜಗಲಿಯ ಮೇಲೆ ಕೂತು ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

ಗುರುಪಾದಪ್ಪ ಕಚೇರಿಗೆ ಓಡಿದ. ಅಲ್ಲಿ ಶೇಖರಪ್ಪನವರು ಮದುಮಗನ ಕಳೆಯಲ್ಲಿದ್ದರು. ದೆಹಲಿಯ ಸೆಮಿನಾರಿಗೆ ಅಂಕಿಅಂಶ ಬೇಕಾಗಿ, ಎಷ್ಟೋ ವರ್ಷದ ಮೇಲೆ ಸ್ವತಃ ಪರೀಕ್ಷಾ ನಳಿಗೆ ಹಿಡಿದಿದ್ದರಂತೆ. ಹಿಡಿದ ಮೊದಲ ಸೀಸೆಯೇ ಅದು. "ನೋಡಯ್ಯ, ದೇವರು ಕಣ್ಬಿಟ್ಟ. ಶುದ್ಧ ಅಂತ ತಂದಿದ್ದೆಯಲ್ಲ, ಯಾವ ಬಾವಿಯಲ್ಲೂ ಇಲ್ಲದಷ್ಟು ಸೀಸ ಅದರಲ್ಲಿದೆ! ಪೇಪರಿನೋರು ಬಂದಿದ್ರು, ಫೋಟೋ ತಗೊಂಡ್ರು."

"ಸೀಸ ಅಂದ್ರ... ಲೆಡ್ ಏನ್ರೀ ಸರ್?"

"ಲೆಡ್ಡೇ. ಕಾರ್ಖಾನೆ ಪಕ್ಕದ ಬಾವೀಲಿ ವಿಷ ಸಿಕ್ಕಿದ್ರೆ ಯಾರಯ್ಯ ಕೇಳ್ತಾರೆ? ಶುದ್ಧವಾದ ಬಾವೀಲಿ ಸಿಕ್ಕಿದ್ರೆ ಅದು ರಿಸರ್ಚು."

ವರದಿಯನ್ನು ಅವನ ಕೈಗಿಟ್ಟರು. ಗುರುಪಾದಪ್ಪ ನಿಂತೇ ಓದಿದ. ನೀರಿನ ತಳದಲ್ಲಿ ಕಡುಗೆಂಪು ಗಸಿ ಕಂಡುಬಂದಿದೆ, ಇದು ಬಣ್ಣದ ಕಾರ್ಖಾನೆಯ ತ್ಯಾಜ್ಯವೆಂಬುದರಲ್ಲಿ ಸಂದೇಹವಿಲ್ಲ. ಹತ್ತಿರದಲ್ಲಿ ಬಣ್ಣದ ಕಾರ್ಖಾನೆ ಇಲ್ಲದಿರುವುದರಿಂದ ಅದು ಬಹುದೂರದಿಂದ ನೆಲದಡಿಯಲ್ಲಿ ಹರಿದು ಬಂದಿರಬೇಕು. ನೀರಿಗೆ ಹಳದಿ ಛಾಯೆಯೂ ಸಸ್ಯಮೂಲದ ಪರಿಮಳವೂ ಇದ್ದು, ಔಷಧಿ ಕಾರ್ಖಾನೆಯೊಂದರ ಕೈವಾಡವನ್ನು ತಳ್ಳಿಹಾಕುವಂತಿಲ್ಲ. ಸೀಸೆಯಲ್ಲಿ ಇಡಿಯ ಅಕ್ಕಿಕಾಳುಗಳು ದೊರೆತಿರುವುದು ಅಕ್ಕಿ ಗಿರಣಿಗಳ ಬೇಜವಾಬ್ದಾರಿಗೆ ಸಾಕ್ಷಿ.

ಮೂರು ಉದ್ದಿಮೆಗಳನ್ನು ಒಂದೇ ಕಲಶದಲ್ಲಿ ಕೂರಿಸಿದ ಆ ವರದಿಯಲ್ಲಿ ಗುರುಪಾದಪ್ಪನಿಗೆ ಕಂಡದ್ದು ತಾನೇ ಸೀಸೆಗೆ ಸುರಿದಿಟ್ಟ ತೀರ್ಥ. ಅವನು ತನ್ನ ಮೇಜಿನ ಹತ್ತಿರ ಬಂದು ಕೂತ. ಅಕ್ಬರ್ ಪಾಷಾ ತಂದ ಕುಂಕುಮದ ಪೊಟ್ಟಣ ಕಪಾಟಿನಲ್ಲಿ ಹಾಗೇ ಇತ್ತು. ಚಿಟಿಕೆ ತೆಗೆದು, ಆಸಿಡ್ಡಿನಲ್ಲಿ ಕರಗಿಸಿ, ಸೀಸ ಕಂಡರೆ ಕೆಂಪಾಗುವ ಹಸಿರು ದ್ರಾವಣಕ್ಕೆ ಬಿಟ್ಟ. ಕುಂಕುಮವನ್ನು ಅರಿಶಿನದಲ್ಲಿ ಮಾಡುವ ಕಾಲ ಹೋಗಿ, ಸೀಸದ ಬಣ್ಣ ಬೆರೆಸಿ ಮಾರುವ ಕಾಲ ಬಂದಿತ್ತು. ಹಸಿರು ದ್ರಾವಣ ಮುತ್ತೈದೆಯ ಹಣೆಯಷ್ಟು ಕೆಂಪಾಯಿತು. ಸಂಜೆ ಮುಳ್ಳಿನ ಸಂದಿಯಿಂದ ಬಿಂದಿಗೆ ಇಳಿಸಿ ಬಾವಿಯ ನೀರು ತಂದು ನೋಡಿದ. ಅದಕ್ಕೆ ದ್ರಾವಣ ಹಸಿರಾಗಿಯೇ ಉಳಿಯಿತು.

ಮರುದಿನ ಧೈರ್ಯ ಮಾಡಿ ಶೇಖರಪ್ಪನವರ ಮುಂದೆ ಎರಡೂ ನಳಿಗೆ ಹಿಡಿದು ನಿಂತು, ಕಲಶದಿಂದ ಹಿಡಿದು ಎಲ್ಲ ಹೇಳಿದ. ಶೇಖರಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಬಾವಿಯ ನೀರು ಇವತ್ತು ಸ್ವಚ್ಛ ಇದೆ ಅಂದ್ರೆ ಏನರ್ಥ? ವಿಷ ಆಳಕ್ಕೆ ಇಳಿದು ಕೂತಿದೆ. ಇನ್ನೂ ಅಪಾಯ."

"ಸರ್, ಅದು ಕುಂಕುಮ ರೀ. ನೀವ ಹಾಕಿದ್ರಿ."

"ನಾನು ಹಾಕಿದ್ದು ದೇವಿಗೆ!" ಎಂದರು ಶೇಖರಪ್ಪನವರು, ದನಿ ಏರಿಸಿ. ಆಮೇಲೆ ದನಿ ಇಳಿಸಿ, ಬಾಗಿಲ ಕಡೆ ಒಮ್ಮೆ ನೋಡಿದರು. "ಏನಂತ ಬರೀಲಯ್ಯ? ಆಯುಧಪೂಜೆಯ ತೀರ್ಥವನ್ನ ವಿಶ್ಲೇಷಣೆ ಮಾಡಿದ್ವಿ ಅಂತಲಾ? ದೆಹಲೀಲಿ ನಗ್ತಾರೆ. ಪೂಜೇಲಿ ವಿಷ ಇದೆ ಅಂದ್ವಿ ಅಂತ ಇಲ್ಲಿ ಕಲ್ಲು ಹೊಡೀತಾರೆ. ಹೊಸ ಕಟ್ಟಡ ಮಂಜೂರಾಗ್ತಿದೆ. ನಿನ್ನ ಖಾಯಂ ಫೈಲೂ ಅದರ ಜೊತೆಗೇ ಹೋಗಿದೆ, ಗೊತ್ತಲ್ಲ? ಆರ್ಡರ್ ಬರಲಿ. ಆಮೇಲೆ ಮತ್ತೊಂದು ವರದಿ ಬರೆಯೋಣ, ಬಾವಿ ಸುಧಾರಿಸಿದೆ ಅಂತ. ಎರಡು ಪೇಪರ್ ಆಗುತ್ತೆ."

ಗುರುಪಾದಪ್ಪ ನಳಿಗೆಗಳನ್ನು ತೊಳೆದಿಟ್ಟ.

ಆ ನೀರಿನ ಮೇಲೆ ಬದುಕಿದ್ದವಳ ಪಾಡು ಬೇರೆ. ಪೇಪರಿನಲ್ಲಿ ಬಂದ ಮೇಲೆ ಗೌರಮ್ಮನ ಅಳಿದುಳಿದ ಸೊಪ್ಪನ್ನೂ ಮುಟ್ಟುವವರಿರಲಿಲ್ಲ. ಕಂಕುಳಲ್ಲಿ ಮಕ್ಕರಿ ಇಟ್ಟುಕೊಂಡು ಅವಳು ಆರ್.ಟಿ. ನಗರದ ಮನೆಗಳ ಮುಂದೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳು. ನುಂಗಲಾರದೆ ಹೋದದ್ದು ಬೇರೆ ಒಂದು. ಜಗಲಿಯ ಮೇಲೆ ಗುರುಪಾದಪ್ಪನನ್ನು ಹಿಡಿದು ಕೂರಿಸಿ ಕೇಳಿದಳು:

"ನೀನು ಓದ್ದೋನು, ನಿಜ ಏಳು. ಆ ಸೀಸ ಒಟ್ಟೆಗೆ ಓದ್ರೆ ಒಟ್ಟೆನೋವು ಬತ್ತದಂತೆ, ಔದಾ?"

ಗುರುಪಾದಪ್ಪ ತಲೆ ತಗ್ಗಿಸಿದ. ಬರುತ್ತದೆ, ಅದು ಪುಸ್ತಕದಲ್ಲಿತ್ತು.

"ಅಂಗಾರೆ ನಮ್ ಯಜಮಾನ್ರನ್ನ ನಾನೇ ಕೊಂದೆ. ನೀರು, ನೀರು ಅಂತಿದ್ರು. ಡಾಕುಟ್ರು ಕಾಯಿಸಿದ್ ನೀರು ಕೊಡು ಅಂದ್ರೂ ಕೇಳ್ದೆ ಬಾವಿ ನೀರೇ ಕೊಟ್ಟೆ. ಈ ಕೈಯಾಗೇ ಸೇದಿ ಸೇದಿ ಕುಡಿಸ್ದೆ ಕಣಪ್ಪಾ." ಅಂಗೈಗಳನ್ನು ಅವನ ಮುಂದೆ ಹಿಡಿದಳು. ಹಗ್ಗ ಎಳೆದು ಎಳೆದು ಗೆರೆಗಳೇ ಸವೆದುಹೋದ ಕೈಗಳು.

ಅವತ್ತು ಗುರುಪಾದಪ್ಪನ ನಾಲಗೆಯ ತುದಿಗೆ ಸತ್ಯ ಬಂದು ಕೂತಿತ್ತು. ಒಂದು ಮಾತು ಸಾಕಿತ್ತು. ಆದರೆ ಗೌರಮ್ಮನಿಗೆ ಹೇಳಿದರೆ ಬೀದಿಗೆ ಹೇಳಿದ ಹಾಗೆ, ಬೀದಿಗೆ ತಿಳಿದರೆ ಶೇಖರಪ್ಪನವರಿಗೆ ತಿಳಿದ ಹಾಗೆ. ಪೆನ್ನು ಕಣ್ಣಮುಂದೆ ಬಂತು. ಆ ಮಾತನ್ನು ಉಗುಳಿನ ಜೊತೆ ನುಂಗಿ, "ಹಂಗೆಲ್ಲ ಅನ್ಕೋಬ್ಯಾಡ್ರಿ ಅವ್ವಾರ" ಎಂದು ಎದ್ದುಬಂದ. ಇಂಥ ಪುಕ್ಕಲರಿಂದ ಜಗತ್ತು ನಡೆಯುತ್ತಿದೆ, ನಡೆಯಲಿ, ಆದರೆ ನನಗೆ ಅವನನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ.

ಹೆಂಡತಿಗೆ ಮಾತ್ರ ಹೇಳಿದ. ಶರಣವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಮತ್ತ ಯಾಕ ಇಲ್ಲಿ ಕುಂತೀರಿ? ಹೋಗಿ ಹೇಳ್ರಿ ಆಕಿಗೆ."

"ಆರ್ಡರ್ ಬರ್ಲಿ ತಡಿ. ಬಂದ ದಿನಾನ ಹೇಳ್ತೀನಿ."

"ಆಕಿ ಹಗಲಿಡೀ ಕೈ ನೋಡ್ಕೊಂತ ಕುಂದರ್ತಾಳ್ರೀ. ನಿಮ್ಮ ಆರ್ಡರ್ ಬರೂತನಕ ಆಕಿ ಗಂಡನ್ನ ಕೊಂದಾಕಿ ಆಗಿ ಇರಬೇಕೇನು?" ಎಂದವಳು ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿದ ರಭಸಕ್ಕೆ ಅದು ಹರಿದುಹೋಯಿತು. ಗುರುಪಾದಪ್ಪ ಹರಿದ ರೊಟ್ಟಿಯನ್ನೇ ತಿಂದ.

ಮನಸ್ಸು ತಡೆಯದೆ, ಗೌರಮ್ಮನ ಮಗ ಮುನಿಕೃಷ್ಣಪ್ಪನ ಹತ್ತಿರ ಸುಳಿವು ಕೊಟ್ಟು ನೋಡಿದ. ಅವನಾದರೂ ತಾಯಿಗೆ ಸಮಾಧಾನ ಹೇಳಲಿ ಎಂಬ ಆಸೆ. ಮುನಿಕೃಷ್ಣಪ್ಪ ಟೆರಿಲಿನ್ ಅಂಗಿ ಹಾಕಿಕೊಂಡು ಮೊಪೆಡ್ಡಿನ ಮೇಲೆ ತಿರುಗುವ ಹೊಸ ಕಾಲದ ಹುಡುಗ. ಬಾವಿಯಲ್ಲಿ ವಿಷ ಇಲ್ಲದೇ ಇರಬಹುದು ಎಂಬ ಮಾತು ಕೇಳಿ ಅವನ ಮುಖ ಸಪ್ಪಗಾಯಿತು.

"ಸಾರ್, ದಯವಿಟ್ಟು ಬಾಯಿ ಬಿಡಬೇಡಿ. ನಮ್ಮಮ್ಮ ಈ ತೋಟ ಮಾರೋಕೆ ಸಾಯೋವರ್ಗೂ ಒಪ್ತಿರ್ಲಿಲ್ಲ. ಈಗ ಅವಳೇ ಏನಾದ್ರೂ ಮಾಡ್ಕೋ ಅಂದವ್ಳೆ. ಬಾವಿ ಮುಚ್ಚಿ ಸೈಟ್ ಮಾಡ್ತೀನಿ, ನಿಮಗೂ ಒಂದು ಮೂಲೆ ಸೈಟು. ವಿಷ ಇರ್ಲಿ ಬಿಡಿ ಸಾರ್, ಯಾರಿಗೇನ್ ತೊಂದ್ರೆ?"

ಹೀಗೆ ಗೌರಮ್ಮನ ಬಾವಿ ಎಲ್ಲರಿಗೂ ಒದಗಿಬಂತು. ಶೇಖರಪ್ಪನವರು ದೆಹಲಿಗೆ ಹೋಗಿ ಶಾಲು ಹೊದೆಸಿಕೊಂಡು ಬಂದರು. ಕಾಲೇಜಿನ ಹುಡುಗರು ಬಸ್ಸಿನಲ್ಲಿ ಬಂದು ಬಾವಿಯ ಸುತ್ತ ಮೂಗಿಗೆ ಕರವಸ್ತ್ರ ಹಿಡಿದು ನಿಂತು ನೋಡಿಹೋದರು. ಇಲ್ಲದ ಬಣ್ಣದ ಕಾರ್ಖಾನೆಯನ್ನು ಹುಡುಕಲು ಒಂದು ಸಮಿತಿಯಾಯಿತು. ಅದು ಜೀಪಿನಲ್ಲಿ ಯಲಹಂಕದವರೆಗೂ ಹೋಗಿ ಊಟ ಮಾಡಿಕೊಂಡು ಬಂತು. ಕೊನೆಗೆ, ವಿದೇಶದ ಒಬ್ಬ ದೊಡ್ಡ ವಿಜ್ಞಾನಿ ಈ ಬಾವಿಯನ್ನೂ ಸಂಶೋಧನಾಲಯವನ್ನೂ ನೋಡಲು ಬರುತ್ತಾರೆ ಎಂಬ ತಂತಿ ಬಂದಾಗ ಶೇಖರಪ್ಪನವರಿಗೆ ಸಂತೋಷದಲ್ಲಿ ಕೂತಲ್ಲಿ ಕೂರಲಾಗಲಿಲ್ಲ.

ಅತಿಥಿ ಬರುವ ಮೊದಲು ಇಡೀ ಕಟ್ಟಡಕ್ಕೆ ಸುಣ್ಣ ಬಳಿಯಬೇಕು. ಹಿಂದಿನ ಕೋಣೆಯ ಬೀಗ ತೆಗೆದರೆ ಅಲ್ಲಿಂದ ಹೊರಟ ಗಬ್ಬಿಗೆ ಸುಣ್ಣದವರೇ ಓಡಿಹೋದರು. ಅಷ್ಟು ವರ್ಷದ ಸೀಸೆಗಳು ಗೋಡೆಯೆತ್ತರಕ್ಕೆ ನಿಂತಿದ್ದವು. "ಇದಕ್ಕೊಂದು ವ್ಯವಸ್ಥೆ ಮಾಡ್ತೀನಿ" ಎಂದರು ಶೇಖರಪ್ಪನವರು. ಗುರುಪಾದಪ್ಪನನ್ನು ಮಣ್ಣಿನ ಮಾದರಿ ತರಲು ವಾರದ ಮಟ್ಟಿಗೆ ಮಾಕಳಿ ಹಳ್ಳಿಗೆ ಕಳಿಸಿದರು. ಅಲ್ಲಿನ ಶಾಲೆಯ ಜಗಲಿಯ ಮೇಲೆ ಮಲಗಿ, ಹಗಲೆಲ್ಲ ಹೊಲದ ಮಣ್ಣು ಕೆದರಿ ಚೀಲಕ್ಕೆ ತುಂಬುವಾಗ ಅವನಿಗೆ ಮತ್ತೆ ಮತ್ತೆ ಕಾಣುತ್ತಿದ್ದುದು ಗೌರಮ್ಮನ ಅಂಗೈ. ಆರ್ಡರ್ ಬಂದರೂ ಬರದಿದ್ದರೂ ಹೋದ ದಿನವೇ ಹೇಳಿಬಿಡುವುದು ಎಂದು ಅಲ್ಲಿ ನಿಶ್ಚಯಿಸಿದ. ನಿಜವಾಗಿಯೂ ನಿಶ್ಚಯಿಸಿದ, ಅದನ್ನು ಅವನ ಪರವಾಗಿ ಹೇಳಲೇಬೇಕು.

ಮಾಕಳಿಯಿಂದ ಬಂದಾಗ ಆರ್ಡರ್ ಮೇಜಿನ ಮೇಲೇ ಇತ್ತು. ಪೆನ್ನು ಸಹಿ ಮಾಡಿತ್ತು. ಗೋಡೆಗಳು ಬೆಳ್ಳಗಾಗಿದ್ದವು. ಹಿಂದಿನ ಕೋಣೆ ಗುಡಿಸಿ ಸಾರಿಸಿ ರಂಗೋಲಿ ಹಾಕಿಸಿಕೊಂಡು ಖಾಲಿಯಾಗಿ ನಿಂತಿತ್ತು. "ನೋಡಿ ಸಾಬ್, ಹೆಂಗೆ ಮಿಂಚ್ತಾ ಇದೆ" ಎಂದು ಅಕ್ಬರ್ ಪಾಷಾ ಹೆಮ್ಮೆಯಿಂದ ತೋರಿಸಿದ. ಗುರುಪಾದಪ್ಪ ಆರ್ಡರನ್ನು ಜೇಬಿಗೆ ಹಾಕಿಕೊಂಡು, ಸೀಸೆಗಳು ಎಲ್ಲಿ ಹೋದವು ಎಂದು ಕೇಳುವ ವ್ಯವಧಾನವೂ ಇಲ್ಲದೆ, ಬೇಲಿ ಹಾರಿ ತೋಟಕ್ಕೆ ಓಡಿದ.

ಗೌರಮ್ಮ ಜಗಲಿಯ ಮೇಲೆಯೇ ಇದ್ದಳು. ಅವನು ಅವಳ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತ. "ಅವ್ವಾರ, ನಾ ನಿಮಗ ಅನ್ಯಾಯ ಮಾಡೇನ್ರಿ. ಬಾವ್ಯಾಗ ವಿಷ ಇಲ್ಲ. ಎಂದೂ ಇರ್ಲಿಲ್ಲ." ಕಲಶ, ಕುಂಕುಮ, ಸೀಸೆ, ಜ್ವರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಶರಣವ್ವ ಬಾಗಿಲಿಗೆ ಬಂದು ನಿಂತು, ಕಣ್ಣೊರೆಸಿಕೊಳ್ಳುತ್ತ "ಖರೇ ಐತಿ ಅವ್ವಾರ, ಖರೇನ ಹೇಳಾಕತ್ತಾರ" ಎಂದಳು.

ಗೌರಮ್ಮನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು.

"ಅಂಗಂದ್ರೆ... ಕುಂಕುಮದಾಗೆ ಇದ್ದುದ್ದು? ನೀರಾಗಲ್ಲ?"

"ನೀರಾಗ ಅಲ್ರಿ."

"ನಮ್ ಯಜಮಾನ್ರು..."

"ನಿಮ್ಮ ನೀರಿಂದ ಸತ್ತಿಲ್ರಿ. ಅವರದು ಬ್ಯಾರೆ ರೋಗ."

ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗಳಗಳನೆ ಅತ್ತಳು. ಅಳುತ್ತಲೇ ಎದ್ದು ಬಾವಿಯ ಹತ್ತಿರ ಹೋಗಿ ಜಾಲಿಮುಳ್ಳನ್ನು ಬರಿಗೈಯಲ್ಲಿ ಕಿತ್ತು ಕಿತ್ತು ಎಸೆದಳು. ತಲೆಬುರುಡೆಯ ಹಲಗೆಯನ್ನು ಕಾಲಿಂದ ಒದ್ದಳು. ಕೈಯಲ್ಲಿ ರಕ್ತ ಬಂದರೂ ಅವಳ ಮುಖದಲ್ಲಿ ನಗು ಇತ್ತು. ಆ ಮುಖವನ್ನು ಗುರುಪಾದಪ್ಪ ಎಷ್ಟು ತಿಂಗಳಿಂದ ನೋಡಿರಲಿಲ್ಲ! ತನ್ನ ಜೇಬಿನಲ್ಲಿದ್ದ ಆರ್ಡರಿಗಿಂತ ಅದು ದೊಡ್ಡದು ಎಂದು ಅವನಿಗೆ ಅನ್ನಿಸಿತು. ಮುಂಚೆಯೇ ಅನ್ನಿಸಬಹುದಿತ್ತು.

"ಕುಡ್ದೇ ತೋರಿಸ್ತೀನ್ರಿ ನಿಮಗ" ಎಂದು ಅವನು ಬಿಂದಿಗೆ ಇಳಿಸಿದ. ರಾಟೆ ಕಿರುಗುಟ್ಟಿತು. ಗೌರಮ್ಮ ತನ್ನ ಚೊಂಬನ್ನು ಸೆರಗಿನಲ್ಲಿ ಉಜ್ಜಿ ಉಜ್ಜಿ ಬೆಳಗಿ, ಬಿಂದಿಗೆಯಿಂದ ತಾನೇ ಬಗ್ಗಿಸಿ, ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು.

ಗುರುಪಾದಪ್ಪ ಚೊಂಬನ್ನು ತುಟಿಯ ತನಕ ತಂದ. ಮೂಗಿಗೆ ಘಾಟು ಹೊಡೆಯಿತು. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ಘಾಟು, ಹಿಂದಿನ ಕೋಣೆಯದ್ದು. ಚೊಂಬಿನೊಳಗೆ ಎಣ್ಣೆಯ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಪೊರೆಯ ನಡುವೆ ನೆನೆದು ಬಿಟ್ಟುಕೊಂಡ ಒಂದು ಚೀಟಿ. ಅದರ ಮೇಲೆ 'ಪಾದರಸ' ಎಂದು ಅವನದೇ ದುಂಡನೆಯ ಅಕ್ಷರ.

ಬೇಲಿಯ ಆಚೆಯಿಂದ ಅಕ್ಬರ್ ಪಾಷಾ ಗಾಬರಿಯಲ್ಲಿ ಕೂಗುತ್ತ ಬಂದ. "ಅಯ್ಯೋ ಸಾಬ್, ಮುಟ್ಟಬೇಡಿ! ಮೊನ್ನೆ ರಾತ್ರಿ, ಇವರೆಲ್ಲ ಮಲಗಿದ ಮೇಲೆ, ಸೀಸೆ ಎಲ್ಲಾ ಅದರಲ್ಲೇ ಹಾಕಿದೀವಿ. ಹೆಂಗೂ ವಿಷದ ಬಾವಿ ಅಲ್ವಾ, ಹಾಕ್ಬಿಡು ಅಂತ ದೊಡ್ಡ ಸಾಹೇಬ್ರೇ ಹೇಳಿದ್ರು. ಮುನಿಕೃಷ್ಣಪ್ಪ ಕೂಡ ಹೂಂ ಅಂದ್ರು, ಹೆಂಗೂ ಮುಚ್ಚೋದು ಅಂತ." ಅವನ ದನಿಯಲ್ಲಿ ತಪ್ಪು ಮಾಡಿದವನ ಅಂಜಿಕೆ ಇರಲಿಲ್ಲ. ವರದಿಯನ್ನು ನಂಬಿದವನು ಅವನು, ಅಷ್ಟೇ.

ಗೌರಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳು ಗುರುಪಾದಪ್ಪನ ತುಟಿಯನ್ನೇ ನೋಡುತ್ತಿದ್ದಳು.

"ಕುಡಿ ಮಗಾ."

ಗುರುಪಾದಪ್ಪ ಚೊಂಬನ್ನು ತುಟಿಯಿಂದ ಕೆಳಗಿಳಿಸಿದ.

"ಕುಡೀತೀನಿ ಅಂದ್ಯಲ್ಲ."

"ಅವ್ವಾರ, ಇದು ಈಗ ಹಾಕಿದ್ದು ರೀ. ಮೊದಲಿಂದಲ್ಲ. ಮೊದಲ ಚೊಲೋ ಇತ್ತು, ನಾ ಪರೀಕ್ಷಾ ಮಾಡಿ ನೋಡೇನಿ..." ಮಾತು ಹೊರಗೆ ಬರುತ್ತಿದ್ದಂತೆ ಅದು ಶೇಖರಪ್ಪನವರ ವರದಿಯ ಹಾಗೆಯೇ ಕೇಳಿಸುತ್ತಿದೆ ಎಂದು ಅವನಿಗೇ ತಿಳಿಯಿತು. ಶರಣವ್ವ ಮುಖ ಆಚೆ ತಿರುಗಿಸಿದಳು.

ಗೌರಮ್ಮನ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು. ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಅವನ ಬೆನ್ನು ಸವರಿದಳು.

"ಬಿಡಪ್ಪ. ನನ್ ಸಮಾಧಾನಕ್ಕೆ ಅಂತ ಏಳ್ದೆ, ಗೊತ್ತಾತು. ಒಳ್ಳೇ ಮನ್ಸ ನಿಂದು."

ಅವನ ಕೈಯಿಂದ ಚೊಂಬು ತೆಗೆದುಕೊಂಡಳು. ನೀರು ಚೆಲ್ಲಲು ಒಂದು ಜಾಗಕ್ಕಾಗಿ ಸುತ್ತ ನೋಡಿದಳು. ತುಳಸಿಯ ಬುಡಕ್ಕೆ ಬಗ್ಗಿದವಳು ಕೈ ಹಿಂದೆಗೆದಳು. ಅಂಗಳದಲ್ಲಿ ಕೋಳಿಮರಿಗಳು ಓಡಾಡುತ್ತಿದ್ದವು. ಮಡಿಗಳ ಕಡೆ ಎರಡು ಹೆಜ್ಜೆ ಹೋಗಿ ಅಲ್ಲೂ ನಿಂತಳು. ಆಮೇಲೆ ತಿರುಗಿ ಬಂದು, ಅದನ್ನು ಬಾವಿಗೇ ವಾಪಸು ಸುರಿದಳು.